ಗಾಜಿನ ನಡುವಿನ ಗಂಜಿ

ಗಾಜು ನೀಲಿಗೆ ತಿರುಗಿತು, ಆದರೆ ಪೂರ್ತಿ ತಿರುಗಲಿಲ್ಲ. ನಡುನಡುವೆ ಮಚ್ಚೆ ಮಚ್ಚೆಯಾಗಿ ಬಿಳುಪು ಉಳಿದುಕೊಂಡಿತು, ಅವಸರದಲ್ಲಿ ಸುಣ್ಣ ಬಳಿದ ಗೋಡೆಯ ಹಾಗೆ. ತಂತಿ ಅದಲುಬದಲು ಮಾಡಿದೆ. ಈಗ ನೀಲಿ ಇಳಿದು ಗಾಜು ಮತ್ತೆ ತಿಳಿಯಾಗಬೇಕು. ಇಳಿಯಿತು, ಆದರೆ ಪ್ರತಿ ಮಚ್ಚೆಯ ಸುತ್ತ ಬಳೆಯಂಥ ಒಂದು ನೀಲಿ ಗೆರೆ ಹಾಗೇ ನಿಂತಿತು.

ನನ್ನ ಸಂಶೋಧನೆಯ ಮಾರ್ಗದರ್ಶಕರು ಬೆನ್ನ ಹಿಂದೆಯೇ ನಿಂತಿದ್ದರು.

"ಮತ್ತ ಅದ ಹಾಡೇನವಾ?"

"ಹೌದ್ರಿ ಸರ್."

"ಶನಿವಾರ ಮಂದಿ ಬರೂದೈತಿ."

"ಗೊತ್ತೈತ್ರಿ."

"ನಿನಗ ಗೊತ್ತಿದ್ದು ಏನ್ ಮಾಡೂದು? ಗಾಜಿಗೆ ಗೊತ್ತಿರಬೇಕಲ್ಲ."

ಅವತ್ತು ಸೋಮವಾರ. ಚಿಕ್ಕೋಡಿಯ ಕಾಲೇಜೊಂದರ ಭೌತಶಾಸ್ತ್ರ ವಿಭಾಗದ ಹಿಂದಿನ ಕೋಣೆ. ಹೊರಗೆ ಜಿಟಿಜಿಟಿ ಮಳೆ. ಶನಿವಾರ ಬರುವವರು ನನ್ನ ಡಾಕ್ಟರೇಟ್ ಪ್ರಬಂಧವನ್ನು ಸಲ್ಲಿಸಬಹುದೇ ಬೇಡವೇ ಎಂದು ನೋಡಿ ಹೇಳುವವರು. ಕೊನೆಯ ಅಧ್ಯಾಯವೇ ಈ ಗಾಜು. ಅವರ ಕಣ್ಣೆದುರು ಅದು ಸಮನಾಗಿ ಬಣ್ಣ ತುಂಬಿ ಸಮನಾಗಿ ಬಣ್ಣ ಬಿಡದಿದ್ದರೆ ಅಧ್ಯಾಯ ಬೀಳುತ್ತದೆ. ಅಧ್ಯಾಯ ಬಿದ್ದರೆ ಪ್ರಬಂಧ ಬೀಳುತ್ತದೆ, ಏಕೆಂದರೆ ನನಗೆ ಕೊಟ್ಟ ಅವಧಿಯನ್ನು ಒಮ್ಮೆ ವಿಸ್ತರಿಸಿಯಾಗಿತ್ತು, ಎರಡನೆಯ ವಿಸ್ತರಣೆ ಇರಲಿಲ್ಲ. ಕಾಗವಾಡದ ಒಂದು ಕಾಲೇಜಿನಲ್ಲಿ ನಾನು ಹಂಗಾಮಿಯಾಗಿ ಪಾಠ ಮಾಡುತ್ತಿದ್ದೆ. ಕೆಲಸ ಕಾಯಂ ಮಾಡಲು ಅಲ್ಲಿಯೂ ಅವರು ಈ ಡಿಗ್ರಿಯನ್ನೇ ಕಾಯುತ್ತಿದ್ದರು.

ಈ ಗಾಜು ಏನು ಎಂದು ಕೇಳಿದವರಿಗೆ ನಾನು ಹೀಗೆ ಹೇಳುತ್ತಿದ್ದೆ. ಬೆಂಕಿಪೊಟ್ಟಣದಷ್ಟಗಲದ ಎರಡು ಗಾಜು. ಒಳಮೈಗೆ ವಿದ್ಯುತ್ ಹರಿಯುವಂಥ, ಆದರೆ ಕಣ್ಣಿಗೆ ಕಾಣದಂಥ ಲೇಪ. ಒಂದರ ಮೇಲೆ ಟಂಗ್‌ಸ್ಟನ್ ಆಕ್ಸೈಡಿನ ತೆಳುವಾದ ಪದರ. ಎರಡರ ನಡುವೆ ಒಂದು ಅಂಟು, ಅಂಟಿನೊಳಗೆ ಲಿಥಿಯಂ ಉಪ್ಪು. ಟಾರ್ಚಿನ ಸೆಲ್ಲಿನಷ್ಟು ಕರೆಂಟು ಕೊಟ್ಟರೆ ಉಪ್ಪಿನ ಕಣಗಳು ಅಂಟನ್ನು ದಾಟಿ ಆ ಪದರದೊಳಗೆ ಹೊಗುತ್ತವೆ, ಗಾಜು ನೀಲಿಯಾಗುತ್ತದೆ. ತಂತಿ ತಿರುವಿದರೆ ಹೊರಗೆ ಬರುತ್ತವೆ, ಗಾಜು ತಿಳಿಯಾಗುತ್ತದೆ. ಬಿಸಿಲೇರಿದಾಗ ಗುಂಡಿ ಒತ್ತಿ ಕಪ್ಪಾಗಿಸುವ ಕಿಟಕಿ ಮಾಡುವುದು ಈ ದಾರಿಯ ಕೊನೆ. ದೊಡ್ಡ ಪ್ರಯೋಗಶಾಲೆಗಳಲ್ಲಿ ನಡುವಿನ ಅಂಟಿಗೆ ಕಾರ್ಖಾನೆಯ ಪ್ಲಾಸ್ಟಿಕ್ಕು, ಮೂಗು ಸುಡುವ ದ್ರಾವಣ ಬಳಸುತ್ತಾರೆ. ನಾನು ಹುಣಸೆಬೀಜದ ಅಂಟು ಬಳಸಿದ್ದೆ. ಬೀಜದಿಂದ ಗಾಜಿನವರೆಗೆ ನೀರೊಂದೇ ಸಾಕು, ಬೇರೆ ದ್ರಾವಣ ಬೇಡ ಎನ್ನುವುದು ನನ್ನ ಪ್ರಬಂಧದ ವಾದ. ಆ ಒಂದು ಮಾತಿನ ಮೇಲೆ ನನ್ನ ಅಷ್ಟೂ ವರ್ಷಗಳು ನಿಂತಿದ್ದವು.

ಹುಣಸೆಬೀಜವೇ ಯಾಕೆ ಎಂದರೆ, ಅದು ನಮ್ಮ ಮನೆಯ ಸಾಮಾನು. ನಮ್ಮದು ರಾಯಬಾಗ ತಾಲೂಕಿನ ಅಲಖನೂರ. ಅಪ್ಪ ಕುರಿ ಕಾಯುವವನು. ಕಂಬಳಿ ನೇಯಲು ಉಣ್ಣೆಯ ನೂಲನ್ನು ಮಗ್ಗಕ್ಕೇರಿಸುವ ಮೊದಲು ಅದಕ್ಕೆ ಹುಣಸೆಬೀಜದ ಗಂಜಿ ಕುಡಿಸಬೇಕು, ಇಲ್ಲದಿದ್ದರೆ ನೂಲು ನವಿರೆದ್ದು ಹರಿಯುತ್ತದೆ. ಆ ಗಂಜಿ ಕಾಸುವುದು ಅವ್ವನ ಕೆಲಸ. ಬೀದಿಯುದ್ದ ನೂಲು ಹಿಗ್ಗಿಸಿ, ಕುಂಚದಲ್ಲಿ ಗಂಜಿ ಬಳಿದು, ಅದು ಆರುವವರೆಗೆ ನಾಯಿ ಹತ್ತಿರ ಬರದಂತೆ ಬಿಸಿಲಲ್ಲಿ ಕಾಯುತ್ತ ನಿಲ್ಲುವುದು ನನ್ನ ಕೆಲಸ. ನೈಸರ್ಗಿಕ ಅಂಟುಗಳ ಬಗ್ಗೆ ಮಾರ್ಗದರ್ಶಕರು ಮೊದಲ ಸಲ ಮಾತು ತೆಗೆದಾಗ ಉಳಿದವರು ಪುಸ್ತಕದಲ್ಲಿದ್ದುದನ್ನು ಹೇಳಿದರು. ನಾನು ಗಂಜಿ ಎಂದೆ. ಎಲ್ಲರೂ ನಕ್ಕರು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ನಗುವವರ ಮುಂದೆ ಗಟ್ಟಿಯಾಗಿ ಮಾತಾಡುವುದನ್ನು ಕಲಿಯದೆ ಅಲ್ಲಿವರೆಗೆ ಬಂದಿರಲಿಲ್ಲ.

ಸೋಮವಾರವಿಡೀ ತಪ್ಪು ಹುಡುಕಿದೆ. ಗಾಜು ಮತ್ತೆ ತೊಳೆದೆ. ಬೇರೆ ಶೀಷೆಯ ಉಪ್ಪು ಹಾಕಿದೆ. ಟಂಗ್‌ಸ್ಟನ್ ಪದರವನ್ನು ದ್ರಾವಣದಲ್ಲಿ ಮುಳುಗಿಸಿ ನೋಡಿದೆ, ಮಚ್ಚೆ ಇಲ್ಲದ ನೀಲಿ. ಹಾಗಾದರೆ ದೋಷ ಅಂಟಿನದು. ಬೇಸಿಗೆಯಲ್ಲಿ ಮಾಡಿದ್ದ ಅಂಟು ಚೆನ್ನಾಗಿತ್ತು. ಆ ಪುಡಿ ಮುಗಿದಿತ್ತು. ಮಳೆಗಾಲ ಹಿಡಿದ ಮೇಲೆ ಬಂದ ಹೊಸ ಪುಡಿಯಿಂದಲೇ ಈ ಮಚ್ಚೆ ಶುರುವಾದದ್ದು.

ಪುಡಿ ಬರುತ್ತಿದ್ದುದು ಬಸ್ಸಿನಲ್ಲಿ. ಪಟ್ಟಣದಲ್ಲಿ ಓದುವ ಮಕ್ಕಳಿಗೆ ಹಳ್ಳಿಯಿಂದ ರೊಟ್ಟಿಯ ಬುತ್ತಿಯನ್ನು ಬಸ್ಸಿಗೆ ಇಡುವುದು ನಮ್ಮ ಕಡೆ ದಿನನಿತ್ಯದ ವ್ಯವಹಾರ. ಅವ್ವ ಬುತ್ತಿಯ ಗಂಟಿನಲ್ಲೇ ಪುಡಿಯ ಡಬ್ಬಿ ಕಟ್ಟುತ್ತಿದ್ದಳು. ಬೀಜ ಹುರಿದು, ಸಿಪ್ಪೆ ಕಳೆದು, ಒಳಗಿನ ಬೇಳೆಯನ್ನು ಡಬ್ಬದಲ್ಲಿಟ್ಟು, ನಾನು ಕೇಳಿದಾಗ ಬೀಸಿ ಕಳಿಸುತ್ತಿದ್ದಳು.

ಡಬ್ಬಿಯ ತಳದ ಪುಡಿಯನ್ನು ಒಂದು ಬಿಳಿ ಕಾಗದದ ಮೇಲೆ ಸುರುವಿ, ಬಿಸಿ ಪೆಟ್ಟಿಗೆಯಲ್ಲಿ ಇಟ್ಟೆ. ತೆಗೆದು ನೋಡಿದರೆ ಕಾಗದ ಪಾರದರ್ಶಕವಾಗಿತ್ತು. ಅಡಿಯಲ್ಲಿಟ್ಟ ನನ್ನ ಬೆರಳು ಕಾಣುತ್ತಿತ್ತು. ಮೂಗಿಗೆ ಹಿಡಿದೆ. ಆ ವಾಸನೆ ಗುರುತಿಸಲು ನನಗೆ ಯಾವ ಯಂತ್ರವೂ ಬೇಕಿರಲಿಲ್ಲ. ಚಿಕ್ಕಂದಿನಲ್ಲಿ ನೆತ್ತಿಗೆ ಬಡಿಸಿಕೊಂಡ ವಾಸನೆ ಅದು.

ಆಗ ನಮ್ಮ ಮನೆಗೆ ಗುಂಡಿ ಒತ್ತುವ ಮೊಬೈಲು ಬಂದಿತ್ತು. ಅದಕ್ಕೆ ಫೋನು ಮಾಡಿದೆ, ಅವ್ವನೇ ಎತ್ತಿದಳು.

"ಯವ್ವಾ, ಹುಣಸಿಬೀಜದ ಬ್ಯಾಳಿಗೆ ಏನರ ಹಚ್ಚಿದ್ದೇನ?"

"ಏನ ಹಚ್ಚಲಿ? ಏನೂ ಇಲ್ಲ."

"ಎಣ್ಣಿ?"

"ಎಣ್ಣಿ ಹಚ್ಚೇನಿ. ಔಡಲೆಣ್ಣಿ. ಮಳಿಗಾಲದಾಗ ಹಚ್ಚದ ಇಟ್ಟರ ಹುಳಾ ಬಿಡತಾವೇನ? ತೊಗರಿಬ್ಯಾಳಿಗೆ ಹಚ್ಚಾಕತ್ತಿದ್ದೆ, ಅದರ ಕೂಡ ನಿನ್ನ ಬೀಜಕ್ಕೂ ಒಂದ ಕೈ ಹಚ್ಚಿ ಇಟ್ಟೆ. ನೀನ ಅಂದಿದ್ದಿ, ಒಂದ ಹುಳಾ ಬಿದ್ದರ ನನ್ನ ಕೆಲಸ ಕೆಟ್ಟಿತು ಅಂತ."

"ನನ್ನ ಒಂದ ಮಾತ ಕೇಳಬೇಕಿತ್ತಲ್ಲ!"

"ಬ್ಯಾಳಿಗೆ ಎಣ್ಣಿ ಹಚ್ಚಾಕ ಯಾರನ್ನ ಕೇಳೂದ ಬೇ? ನೀ ಕಲತಾಕಿ ಆದಿ ಅಂತ ನನ್ನ ಅಡಗಿಮನಿಗೂ ಅಪ್ಪಣಿ ತರಬೇಕೇನ?"

ನಾನು ಫೋನು ಕತ್ತರಿಸಿದೆ. ಕಂಬಳಿಯ ಗಂಜಿಗೆ ಎಣ್ಣೆ ಬಿದ್ದರೆ ಏನೂ ಕೆಡುವುದಿಲ್ಲ, ನೂಲು ಇನ್ನಷ್ಟು ನುಣುಪಾದೀತು. ಗಾಜಿನಲ್ಲಿ ಹಾಗಲ್ಲ. ಎಣ್ಣೆಯ ಹನಿ ಕೂತಲ್ಲಿ ಅಂಟು ಗಾಜನ್ನು ಹಿಡಿಯುವುದಿಲ್ಲ, ಹಿಡಿಯದ ಕಡೆ ಉಪ್ಪು ದಾಟುವುದಿಲ್ಲ, ದಾಟದ ಕಡೆ ಬಣ್ಣವಿಲ್ಲ.

ಮಾರ್ಗದರ್ಶಕರಿಗೆ ಹೇಳಿದೆ. ಔಡಲೆಣ್ಣೆ, ಎಂದರೆ ಹರಳೆಣ್ಣೆ, ಉಳಿದ ಎಣ್ಣೆಗಳ ಹಾಗಲ್ಲ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ನನ್ನ ಗುಮಾನಿ ಸರಿಯೇ ಎಂದು ನೋಡಲು ಸ್ವಲ್ಪ ಪುಡಿಯನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ, ಅದರ ಅಂಟಿನಲ್ಲಿ ಒಂದು ಚಿಕ್ಕ ತುಣುಕು ಗಾಜು ಕಟ್ಟಿದೆವು. ಮಂಗಳವಾರ ಬೆಳಿಗ್ಗೆ ಅದು ತುಂಬು ನೀಲಿಯಾಯಿತು. ಒಂದು ಮಚ್ಚೆ ಇಲ್ಲ.

"ಆತಲ್ಲ!" ಎಂದರು ಅವರು, ಮೇಜಿಗೆ ಅಂಗೈ ಬಡಿದು. "ಇಡೀ ಡಬ್ಬಿ ಹಿಂಗ ತೊಳಿ. ಶನಿವಾರ ಇದನ್ನ ಇಡೂಣು."

"ಸರ್, ನೀರಷ್ಟ ಸಾಕು ಅಂತ ಬರದೇವಿ."

"ಅಂಟು ಮಾಡೂದು ನೀರಾಗ. ತೊಳದದ್ದು ಪುಡಿ. ಅದನ್ನ ಯಾರ ಕೇಳತಾರ?"

"ಕೇಳಿದರ?"

"ಕೇಳೂದಿಲ್ಲ."

"ಕೇಳಿದರ ನಾ ಸುಳ್ಳ ಹೇಳೂದಿಲ್ರಿ ಸರ್. ಹೊಸಾ ಬೀಜ ತರತೀನಿ."

ಅವರು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. ಸಿಟ್ಟು ಬಂದಾಗ ಹಾಗೆ ಮಾಡುತ್ತಿದ್ದರು. "ಶುಕ್ರವಾರ ಸಂಜಿಗೆ ಹೊಸದು ನನ್ನ ಟೇಬಲ್ ಮ್ಯಾಲ ಇರಬೇಕು. ಇಲ್ಲಂದ್ರ ತೊಳದದ್ದನ್ನ ಇಡತೀನಿ. ಆವಾಗ ನೀ ಬಾಯಿ ತಗೀಬಾರದು."

ಆ ಷರತ್ತಿಗೆ ತಲೆಯಾಡಿಸಿ, ಫೋನಿನಲ್ಲಿ ಅಪ್ಪನಿಗೆ ಸುದ್ದಿ ತಿಳಿಸಿ, ಹಾರೂಗೇರಿ ಬಸ್ಸು ಹತ್ತಿದೆ. ಬೀಜ ಬಿಡಿಸುವ ಕಾಲ ಮುಗಿದು ತಿಂಗಳುಗಳಾಗಿದ್ದವು. ಊರ ಮನೆಗಳಲ್ಲಿ ಬೀಜ ಇರಲಿಲ್ಲ, ಇದ್ದರೆ ಪೇಟೆಯ ಅಂಗಡಿಯಲ್ಲಿ. ಅಲಖನೂರಿನಿಂದ ಅವ್ವ ಮೊದಲೇ ಬಂದು ನಿಲ್ದಾಣದಲ್ಲಿ ನಿಂತಿದ್ದಳು. ಒಬ್ಬರ ಹಿಂದೊಬ್ಬರು ಕಾಳುಕಡಿಯ ವ್ಯಾಪಾರಿಯ ಅಂಗಡಿಗೆ ಹೋದೆವು. ಅರ್ಧ ಮರಾಠಿಯ ಗಟ್ಟಿ ಗಂಟಲಿನ ಮನುಷ್ಯ.

"ಯಾ ತಾಯಿ, ಬರ್ರಿ. ಚಿಂಚೋಕೆ, ಹುಣಸಿಬೀಜ ಬೇಕ? ಕಂಬಳಿ ಗಂಜಿಗೇನ್ರಿ?"

"ಗಾಜಿಗಿ," ಎಂದಳು ಅವ್ವ.

"ಗಾಜಿಗಿ? ಮಳಿಗಾಲದಾಗ ಗಾಜಿಗೂ ಥಂಡಿ ಹತ್ತೇತೇನು, ಕಂಬಳಿ ಹೊಚ್ಚಾಕ?"

"ಇಕಿನ್ನ ಕೇಳ್ರಿ. ಇಕಿ ಕಲತಾಕಿ. ನನಗ ಬ್ಯಾಳಿಗೆ ಎಣ್ಣಿ ಹಚ್ಚಾಕೂ ಬರೂದಿಲ್ಲ."

ನಾನು ಚೀಲದೊಳಗೆ ಕೈ ಹಾಕಿ ಬೀಜ ತೆಗೆದು ಮೂಸಿ ನೋಡಿದೆ. "ಇದಕ ಔಷಧ ಗಿಷಧ ಹಾಕೀರೇನ್ರಿ?"

"ಗೋಡಂಬಿ ಏನ್ರಿ ಬಾಯಾರ ಇದು, ಔಷಧ ಹಾಕಿ ಜ್ವಾಕಿ ಮಾಡಾಕ? ಇಚಲಕರಂಜಿ ಬಟ್ಟಿ ಗಿರಣಿಗೆ ಹೋಗೂ ಮಾಲು. ಹುಳಾ ತಿಂದದ್ದು ತಿಂದಂಗ, ಉಳದದ್ದು ಉಳದಂಗ."

ತಿಂದದ್ದೇ ಹೆಚ್ಚಿತ್ತು. ಅಂಗಡಿಯ ಕಟ್ಟೆಯ ಮೇಲೆ ಕೂತು ತೂತು ಬಿದ್ದ ಬೀಜ ಆರಿಸಿ ಬಿಸಾಡಿದೆವು. ಅವ್ವನ ಕೈ ನನ್ನ ಕೈಗಿಂತ ಜೋರು. ಎರಡು ಬೊಗಸೆ ಒಳ್ಳೆಯ ಬೀಜ ಸಿಗುವಷ್ಟರಲ್ಲಿ ನನ್ನ ಬೆನ್ನು ಸೆಟೆದಿತ್ತು. ಅಷ್ಟು ಸಾಕಿತ್ತು, ಆದರೆ ಅಷ್ಟೇ ಇತ್ತು. ಇದು ಕೆಟ್ಟರೆ ಮತ್ತೊಂದು ಸಲ ಮಾಡಲು ದಿನವೂ ಇಲ್ಲ, ಬೀಜವೂ ಇಲ್ಲ.

ಬುಧವಾರ ಬೆಳಿಗ್ಗೆ ಊರಿನ ಮನೆಯಲ್ಲಿ ಒಲೆ ಹಚ್ಚಿದೆವು. ಬಾಣಲೆಗೆ ಮರಳು ಹಾಕಿ ಬೀಜ ಹುರಿಯುವುದು ಅವ್ವನ ರೂಢಿ. ಕಂಬಳಿಗಾದರೆ ಕೆಂಪಗೆ ಹುರಿದರೂ ನಡೆಯುತ್ತದೆ. ನನಗೆ ಸಿಪ್ಪೆ ಬಿಡುವಷ್ಟು ಕಾವು ಬೇಕು, ಒಳಗಿನ ಬೇಳೆ ಬಿಳಿ ಉಳಿಯಬೇಕು. ಹೊತ್ತಿದರೆ ಅಂಟಿನ ಬಲ ಹೋಗುತ್ತದೆ. ನಾನು ಪ್ರಯೋಗಶಾಲೆಯ ಉಷ್ಣಮಾಪಕವನ್ನು ಮರಳಿಗೆ ಚುಚ್ಚಿ ಹಿಡಿದು ಕೂತೆ.

"ಜ್ವರಾ ಬಂದೈತೇನ ಅದಕ್ಕ?" ಎಂದಳು ಅವ್ವ. ಸೋಮವಾರದ ನಂತರ ನನ್ನೊಡನೆ ಆಡಿದ ಮೊದಲ ಮಾತು.

"ಉರಿ ಸಣ್ಣ ಮಾಡು."

"ಸಣ್ಣ ಮಾಡಿದರ ಸಿಪ್ಪಿ ಬಿಡೂದಿಲ್ಲ."

"ಬಿಡದಿದ್ದರ ಕೈಲೆ ಸುಲಿಯೂಣು. ಹೊತ್ತಿದರ ಏನ್ ಮಾಡ್ಲಿ ನಾ?"

"ಹೊತ್ತಸಾಕ ನಾ ಏನ್ ನಿನ್ನ ವೈರಿ ಏನ?" ಎಂದು ಅವಳು ಒಂದು ಕೊಳ್ಳಿ ಎಳೆದು ಹಾಕಿದಳು. ಹೊಗೆ ಎದ್ದಿತು. ನನ್ನ ಕಣ್ಣಲ್ಲಿ ನೀರು ಬಂತು. ಅದು ಹೊಗೆಗೋ ಏನೋ, ತೋಳಿನಿಂದ ಒರೆಸಿಕೊಂಡು ಮತ್ತೆ ಉಷ್ಣಮಾಪಕ ನೋಡಿದೆ.

ಅರ್ಧದಷ್ಟು ಬೀಜಗಳ ಸಿಪ್ಪೆ ಬಿಡಲಿಲ್ಲ. ಅವನ್ನು ನೆನೆಸಿ, ಉಗುರಿನಿಂದ ಸುಲಿದು, ಒಲೆಯ ಪಕ್ಕದ ಕಾವಿನಲ್ಲಿ ಒಣಗಿಸಿದೆವು. ಬೀಸುಕಲ್ಲಿಗೆ ಹಾಕುವ ಮುಂಚೆ ನಾನು ಕಲ್ಲನ್ನು ಬಿಸಿನೀರಲ್ಲಿ ತೊಳೆದೆ. ಅವ್ವ ನೋಡುತ್ತ ನಿಂತಿದ್ದಳು. ಆಮೇಲೆ ತಾನೇ ಹೋಗಿ ಸೀಗೆಪುಡಿ ಹಚ್ಚಿ ಮೊಣಕೈವರೆಗೆ ಕೈ ತಿಕ್ಕಿ ತೊಳೆದುಕೊಂಡು ಬಂದು, ಎರಡೂ ಅಂಗೈಯನ್ನು ನನ್ನ ಮೂಗಿನ ಮುಂದೆ ಹಿಡಿದಳು. "ನೋಡು. ಬರತೈತೇನ ವಾಸನಿ?" ನಾನು ತಲೆ ಅಲ್ಲಾಡಿಸಿದೆ. ಅವಳು ಕೂತು ಬೀಸಿದಳು.

ಗುರುವಾರ ಚಿಕ್ಕೋಡಿಗೆ ನಾನೊಬ್ಬಳೇ ಹೊರಟಿದ್ದೆ. ಪುಡಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅವ್ವನೂ ಬಸ್ಸು ಹತ್ತಿ ಕೂತಳು. "ನೀ ಯಾಕ?" ಎಂದರೆ, "ಈ ಸಲ ಇದು ನನ್ನ ಕೈಯಾಗ ಬರಲಿ. ದಾರ್ಯಾಗ ಏನರ ಆದರ ಮತ್ತ ನನ್ನ ಹೆಸರ ಬರತೈತಿ," ಎಂದಳು.

ಪುಡಿಯನ್ನು ನೀರಲ್ಲಿ ಕುದಿಸಿ, ತಣಿಯಲು ಬಿಟ್ಟು, ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಪದರ ಬಿರಿಯದಂತೆ ತುಸು ಗ್ಲಿಸರಿನ್, ಜೊತೆಗೆ ಉಪ್ಪು ಬೆರೆಸಿ, ಗಾಜಿನ ತಟ್ಟೆಗಳಿಗೆ ಹೊಯ್ದೆ. ಸಣ್ಣ ಕಾವಿನಲ್ಲಿ ಮೆಲ್ಲಗೆ ಒಣಗಬೇಕು. ಅವಸರ ಮಾಡಿದರೆ ಗುಳ್ಳೆ ಏಳುತ್ತದೆ. ಎರಡು ತಟ್ಟೆ ಇಟ್ಟೆ. ಮಧ್ಯಾಹ್ನ ಕರೆಂಟು ಹೋಯಿತು. ಬಿಸಿ ಪೆಟ್ಟಿಗೆ ತಣ್ಣಗಾಗತೊಡಗಿತು. ಲಿಥಿಯಂ ಉಪ್ಪು ಮಳೆಗಾಲದ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ತೆಗೆದು ಹೊರಗಿಟ್ಟರೆ ಬೆವರುತ್ತದೆ, ಒಳಗಿಟ್ಟರೆ ಒಣಗುವುದಿಲ್ಲ. ಪೆಟ್ಟಿಗೆಯ ಬಾಗಿಲು ತೆರೆಯದೆ, ಅದರ ಮೇಲೆ ಸಿಕ್ಕ ಬಟ್ಟೆಯೆಲ್ಲ ಹೊದಿಸಿ, ಒಳಗಿನ ಕಾವು ಇಳಿಯುವುದನ್ನು ಕಿಂಡಿಯಿಂದ ನೋಡುತ್ತ ಕೂತೆ. ಸಂಜೆಯ ಹೊತ್ತಿಗೆ ಕರೆಂಟು ಬಂತು.

ಶುಕ್ರವಾರ ಒಂದು ತಟ್ಟೆಯ ಪದರ ಬಿಡಿಸುವಾಗ ಹರಿಯಿತು. ಎರಡನೆಯದನ್ನು ಬ್ಲೇಡಿನಿಂದ ಅಂಚು ಬಿಡಿಸಿ, ಉಸಿರು ಹಿಡಿದು ಎತ್ತಿದೆ. ಈರುಳ್ಳಿಯ ಪೊರೆಯಂತೆ ಇಡಿಯಾಗಿ ಬಂತು. ಗಾಜಿನ ನಡುವೆ ಕೂರಿಸಿ, ಅಂಚಿಗೆ ಮೊಹರು ಹಾಕಿ, ಮಾರ್ಗದರ್ಶಕರ ಮೇಜಿನ ಮೇಲೆ ಇಟ್ಟೆ. ಅವರು ಗಡಿಯಾರ ನೋಡಿದರು, ಗಾಜು ನೋಡಿದರು, ತೊಳೆದ ಪುಡಿಯ ಗಾಜನ್ನು ಸದ್ದಿಲ್ಲದೆ ಡ್ರಾವರಿಗೆ ಹಾಕಿದರು.

ಶನಿವಾರ ಹೊರಗಿನಿಂದ ಬಂದ ತಜ್ಞರು ಬಿಳಿಗೂದಲಿನ, ಮಾತು ಕಡಿಮೆಯ ಮನುಷ್ಯ. ಗಾಜನ್ನು ಅಚ್ಚಾದ ಒಂದು ಹಾಳೆಯ ಮೇಲಿಟ್ಟು, "ಹಾಕಿ," ಎಂದರು. ತಂತಿ ಕೊಟ್ಟೆ. ನೀಲಿ ಅಂಚಿನಿಂದ ನಡುವಿಗೆ ಹಬ್ಬಿತು. ಅಕ್ಷರಗಳು ಮುಳುಗಿದವು. ಮಚ್ಚೆ ಇರಲಿಲ್ಲ. "ತೆಗೆಯಿರಿ." ಅಕ್ಷರಗಳು ಮರಳಿ ತೇಲಿದವು. "ಮತ್ತೆ ಹಾಕಿ." ಮತ್ತೆ ನೀಲಿ.

"ಈಗ ತಂತಿ ಬಿಚ್ಚಿ," ಎಂದರು. "ಕರೆಂಟು ಇಲ್ಲದೆಯೂ ಬಣ್ಣ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಊಟ ಮಾಡಿ ಬಂದು ನೋಡೋಣ." ಗಾಜನ್ನು ಕಪಾಟಿನಲ್ಲಿಟ್ಟು, ಕೀಲಿ ಹಾಕಿ, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ಈ ಪರೀಕ್ಷೆಯನ್ನು ನಾನು ಬೇಸಿಗೆಯ ಅಂಟಿನ ಮೇಲೆ ಮಾಡಿದ್ದೆ. ಮಳೆಯ ಗಾಳಿಯಲ್ಲಿ ಒಣಗಿದ ಈ ಅಂಟಿನ ಮೇಲೆ ಮಾಡಿರಲಿಲ್ಲ. ಪದರದೊಳಗೆ ನೀರು ಉಳಿದಿದ್ದರೆ ಬಣ್ಣ ತಾನೇ ಸೋರಿಹೋಗುತ್ತದೆ.

ಗುರುವಾರದಿಂದ ನನ್ನ ಕೋಣೆಯಲ್ಲೇ ಉಳಿದಿದ್ದ ಅವ್ವ ಹೊರಗೆ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ರೊಟ್ಟಿ ಬಿಚ್ಚಿದಳು.

"ತಿನ್ನು."

"ಒಲ್ಲೆ."

"ಒಳಗ ಏನ್ ನಡದೈತಿ?"

"ಗಾಜ ಕಪಾಟಿನ್ಯಾಗ ಇಟ್ಟ ಕೀಲಿ ಹಾಕ್ಯಾರ."

"ಯಾಕ, ಯಾರರ ಕದೀತಾರೇನ ಅದನ?"

"ನಾ ಹೋಗಿ ಮತ್ತ ಕರೆಂಟ ಕೊಡಬಾರದಂತ."

"ಅಂದ್ರ ನಿನ್ನ ಮ್ಯಾಲ ನಂಬಿಗಿ ಇಲ್ಲ."

"ಯಾರ ಮ್ಯಾಲೂ ಇಡೂದಿಲ್ಲ. ಇದು ಹಂಗ ಇರತೈತಿ."

"ಭಾರಿ ಸಾಲಿ," ಎಂದಳು. ಬುತ್ತಿಯ ಬಟ್ಟೆ ಹರವುತ್ತ, "ಬಣ್ಣ ಹೋಗಿದ್ದರ?"

"ಮುಗೀತು."

"ಕಲತದ್ದು ಹೋಗತೈತೇನ?"

"ಕಲತದ್ದು ಹೋಗೂದಿಲ್ಲ. ಡಿಗ್ರಿ ಬರೂದಿಲ್ಲ."

ಅವಳು ರೊಟ್ಟಿಯನ್ನು ಮುರಿದು, ಪಲ್ಯ ಹಚ್ಚಿ, ನನ್ನ ಕೈಯಲ್ಲಿ ತುರುಕಿದಳು. "ನಿಮ್ಮಪ್ಪ ಕೇಳತಿದ್ದ, ಇಕಿ ಇನ್ನೂ ಎಷ್ಟ ದಿನಾ ಕಲೀತಾಳಂತ. ಗಂಜಿ ಇನ್ನೂ ಆರಿಲ್ಲ, ನೂಲ ಮುಟ್ಟಬ್ಯಾಡ ಅಂದೆ. ಸುಮ್ಮನ ಕುರಿ ಹೊಡಕೊಂಡ ಹ್ವಾದ." ನಗು ಬರಲಿಲ್ಲ ನನಗೆ. ಆದರೆ ಆ ತುತ್ತು ಇಳಿಯಿತು.

ಅವರು ಕೀಲಿ ತೆರೆದಾಗ ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಗಾಜು ನೀಲಿಯಾಗಿಯೇ ಇತ್ತು. ಒಂದು ಮೂಲೆಯಲ್ಲಿ ತುಸು ತೆಳುವಾಗಿತ್ತು, ಅವರ ಬೆರಳು ನೇರ ಅಲ್ಲಿಗೇ ಹೋಯಿತು. "ತೆಗೆಯಿರಿ," ಎಂದರು. ತಂತಿ ತಿರುವಿದೆ. ಅಕ್ಷರಗಳು ಒಂದೊಂದೇ ಕಾಣಿಸಿಕೊಂಡವು. ಆ ಮೂಲೆಯ ಸಾಲು ಕೊನೆಗೆ ಬಂತು, ಆದರೆ ಬಂತು.

ಅವರು ಹಳೆಯ ವರದಿ ತಿರುವಿದರು. "ಹೋದ ತಿಂಗಳು ಮಚ್ಚೆಗಳು ಬರುತ್ತಿವೆ ಎಂದು ಬರೆದಿದ್ದೀರಿ. ಈಗ ಇಲ್ಲ. ಏನು ಮಾಡಿದಿರಿ?"

ಮಾರ್ಗದರ್ಶಕರು ನನ್ನ ಕಡೆ ನೋಡಿದರು. ನಾನು ಮಚ್ಚೆಯ ಗಾಜನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಬೀಜಕ್ಕೆ ಔಡಲೆಣ್ಣೆ ಹತ್ತಿತ್ತು ಎಂದೆ. ಸ್ಪಿರಿಟ್ಟಿನಲ್ಲಿ ತೊಳೆದರೆ ಹೋಗುತ್ತದೆ, ಪರೀಕ್ಷೆಗೆ ತೊಳೆದು ನೋಡಿದೆವು. ಆದರೆ ಇವತ್ತು ಇಟ್ಟದ್ದು ತೊಳೆದದ್ದಲ್ಲ, ಹೊಸ ಬೀಜದ್ದು, ನೀರಿನಲ್ಲಷ್ಟೇ ಮಾಡಿದ್ದು ಎಂದೆ.

"ಎಣ್ಣೆ ಹಚ್ಚಿದವರು ಯಾರು?"

"ನಮ್ಮ ತಾಯಿ ಸರ್. ಹುಳ ಬೀಳಬಾರದಂತ."

"ಬಿತ್ತೇ?"

"ಇಲ್ಲ ಸರ್."

ಮಾರ್ಗದರ್ಶಕರಿಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದರು. ತಜ್ಞರು ನಗಲಿಲ್ಲ. ಎರಡೂ ಗಾಜುಗಳನ್ನು ಬೆಳಕಿಗೆ ಹಿಡಿದು, ಪಕ್ಕಪಕ್ಕ ಇಟ್ಟು, ಬಹಳ ಹೊತ್ತು ನೋಡಿದರು. "ಇದನ್ನೂ ಬರೆಯಿರಿ. ಮಚ್ಚೆಯದನ್ನೂ, ತೊಳೆದದ್ದನ್ನೂ. ಅಧ್ಯಾಯ ಇರಲಿ." ಆಮೇಲೆ ಪೆನ್ನು ತೆಗೆದು ಶೀರ್ಷಿಕೆಯಲ್ಲಿದ್ದ 'ಕಿಟಕಿ' ಎಂಬ ಪದದ ಮೇಲೆ ಗೆರೆ ಎಳೆದರು. "ಇಷ್ಟು ಚಿಕ್ಕದನ್ನು ಕಿಟಕಿ ಅನ್ನಬೇಡಿ. ಗಾಜು ಅನ್ನಿ, ಸಾಕು."

ಹೊರಗೆ ಬಂದೆ. ಅವ್ವ ಎದ್ದು ನಿಂತಳು, ಮಡಿಲ ಸೀರೆ ಕೊಡವಿದಳು.

"ಉಳೀತು," ಎಂದೆ. "ಇನ್ನ ಬರೀಬೇಕು. ಎರಡು ವಾರದ್ದು ಕೆಲಸ ಐತಿ."

"ಹಂಗಾರ ನೀ ಬರಿ. ನಾ ಹೋಗತೀನಿ." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ನಾ ಹಚ್ಚಿದೆ ಅಂತ ಹೇಳಿದ್ದೇನ ಒಳಗ?"

"ಹೇಳಿದೆ."

"ಏನಂದ್ರ?"

"ಬರೀರಿ ಅಂದ್ರು."

ಅವಳು ಸೆರಗನ್ನು ತಲೆಗೆ ಎಳೆದುಕೊಂಡಳು. "ಬರಿ ಮತ್ತ. ಹುಳಾ ಬೀಳಲಿಲ್ಲ ಅನ್ನೂದ ಬಿಡಬ್ಯಾಡ," ಎಂದು ಬಸ್ ನಿಲ್ದಾಣದ ಕಡೆ ನಡೆದಳು. ನಾನು ಒಳಗೆ ಹೋಗಿ, ಕುರ್ಚಿ ಎಳೆದುಕೊಂಡು, ಅದನ್ನೇ ಮೊದಲು ಬರೆದೆ.